ಜಾನುವಾರು ರೋಗದ ಭೀತಿಯೂ ದನದ ಪೇಟೆಯೂ

ಕನ್ನಡದ ‘ದನ’ ಎಂಬ ಮಾತು ಸಂಸ್ಕೃತದ ‘ಧನ’ ಶಬ್ದದ ತದ್ಭವವೆಂದು ಕಿಟೆಲರ ನಿಘಂಟು ಹೇಳುತ್ತದೆ. ಲ್ಯಾಟಿನ್ ಭಾಷೆಯಲ್ಲಿಯೂ ದನಕರುಗಳಿಗೆ ‘ಪೆಕುಸ್’ ಎಂದೂ ಹಣಕ್ಕೆ ‘ಪೆಕೂನಿಯ’ ಎಂದೂ ಹೆಸರು. ಪ್ರಾಚೀನರು ಸಂಪತ್ತನ್ನು ಎಣಿಸುತ್ತಿದ್ದುದು ಕೊಟ್ಟಿಗೆಯಲ್ಲಿ ಎಂಬುದಕ್ಕೆ ಈ ಶಬ್ದಗಳೇ ಸಾಕ್ಷಿ. ನಮ್ಮ ಒಕ್ಕಲಿಗನ ಮಟ್ಟಿಗೆ ಈ ಮಾತು ಇಂದಿಗೂ ಹಳತಾಗಿಲ್ಲ. ಮಗಳ ಮದುವೆ, ಮಗನ ಕಾಲೇಜಿನ ಫೀಸು, ಆಸ್ಪತ್ರೆಯ ಖರ್ಚು, ಬಿತ್ತನೆಯ ಬೀಜ, ಇವುಗಳಲ್ಲಿ ಯಾವುದು ಎದುರಾದರೂ ಆತನ ಕಣ್ಣು ಮೊದಲು ಹೋಗುವುದು ಗೂಟಕ್ಕೆ ಕಟ್ಟಿದ ಎತ್ತು ಎಮ್ಮೆಗಳ ಕಡೆಗೆ. ಆದರೆ ಬ್ಯಾಂಕಿನ ಠೇವಣಿಗೂ ಕೊಟ್ಟಿಗೆಯ ಠೇವಣಿಗೂ ಒಂದು ವ್ಯತ್ಯಾಸವುಂಟು. ನೆರೆಯ ತಾಲ್ಲೂಕಿನಲ್ಲಿ ರೋಗ ಬಂದಿದೆಯೆಂಬ ಒಂದು ಸುದ್ದಿ, ಅದು ನಿಜವಿರಲಿ ಸುಳ್ಳಿರಲಿ, ಎರಡನೆಯ ಠೇವಣಿಯನ್ನು ಒಂದೇ ವಾರದಲ್ಲಿ ಕರಗಿಸಬಲ್ಲದು.

ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರಲ್ಲಿ ಹಲವರ ಮೂಲ ಬೀದರ, ಕಲಬುರಗಿ, ರಾಯಚೂರುಗಳ ಕಡೆಯದು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಈ ನಗರವೂ ಒಂದೇ ರಾಜ್ಯಕ್ಕೆ ಸೇರಿದ್ದವು. ಊರಿನಲ್ಲಿ ಅಣ್ಣತಮ್ಮಂದಿರು ಹೊಲಮನೆ ನೋಡಿಕೊಂಡಿದ್ದು, ಇಲ್ಲಿಂದ ಹಿಂದೆ ಮನಿಯಾರ್ಡರಿನ ಮೂಲಕವೂ ಈಗ ಮೊಬೈಲ್ ಫೋನಿನ ಮೂಲಕವೂ ಹಣ ಹೋಗುವ ಕುಟುಂಬಗಳು ಅನೇಕ. ಅಂಥ ಮನೆಗಳಿಗೆ ಈ ವಿಷಯ ಎರಡು ಬಗೆಯಲ್ಲಿ ಸಂಬಂಧಿಸಿದೆ: ಒಂದು, ಊರಿನ ಎತ್ತಿನ ಬೆಲೆ, ಇನ್ನೊಂದು, ಇಲ್ಲಿ ಅಡಿಗೆಮನೆಗೆ ಬರುವ ಹಾಲು ಅಥವಾ ಮಾಂಸ. ಪೇಟೆ ಹೆದರುವ ರೋಗ ಯಾವುದು, ದೇಹ ಹೆದರಬೇಕಾದ ರೋಗ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಒಂದೇ ಅಲ್ಲ. ಈ ಭೇದವನ್ನು ಅರಿಯದಿರುವುದರಿಂದಲೇ ರೈತನ ನಷ್ಟವೂ ಪಟ್ಟಣಿಗನ ಕಾಯಿಲೆಯೂ ಹೆಚ್ಚುತ್ತವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೈದರಾಬಾದಿನಲ್ಲಿ ‘ಬೀಫ್’ ಅಥವಾ ‘ಬಡೇ ಕಾ ಗೋಷ್ತ್’ ಎಂದು ಕರೆಯುವುದು ಬಹುಮಟ್ಟಿಗೆ ಎಮ್ಮೆ ಕೋಣಗಳ ಮಾಂಸವನ್ನು. 1977ರ ಆಂಧ್ರಪ್ರದೇಶದ ಕಾಯ್ದೆಯ ಪ್ರಕಾರ ಗೋವಧೆ ನಿಷಿದ್ಧ. ತೆಲಂಗಾಣ ರಾಜ್ಯವಾದ ಮೇಲೂ ಅದೇ ಕಾಯ್ದೆ ಮುಂದುವರಿದಿದೆ. ಎತ್ತು ಎಮ್ಮೆಗಳ ವಿಷಯದಲ್ಲಿ, ಉಳುಮೆಗೆ, ತಳಿಗೆ ಅಥವಾ ಹಾಲಿಗೆ ಇನ್ನು ಉಪಯೋಗವಿಲ್ಲವೆಂದು ಪ್ರಮಾಣಪತ್ರ ಬೇಕಾಗುತ್ತದೆ. ನಗರದ ಬಡವರಿಗೆ ಅಗ್ಗದಲ್ಲಿ ದೊರೆಯುವ ಮಾಂಸ ಇದು. ಕಲ್ಯಾಣಿ ಬಿರಿಯಾನಿ ತಯಾರಾಗುವುದೂ ಇದರಿಂದಲೇ. ಆ ಹೆಸರು ನಮ್ಮ ಬಸವಕಲ್ಯಾಣದ ನವಾಬರಿಂದ ಬಂದುದೆಂದು ಹೇಳುತ್ತಾರೆ. ಬಿರಿಯಾನಿಯ ಹಂಡೆಯಲ್ಲಿಯೂ ಬೀದರ ಜಿಲ್ಲೆಯ ನಂಟು ಉಳಿದಿರುವುದು ವಿನೋದದ ಸಂಗತಿ.

ಸಂತೆಯ ಮೂವರು ಕೊಳ್ಳುಗರು

ದನದ ಸಂತೆಗೆ ಬರುವ ಕೊಳ್ಳುಗರು ಮೂರು ತೆರನಾದವರು: ಉಳುಮೆಗೆ ಎತ್ತು ಬೇಕಾದವನು, ಹಾಲಿಗೆ ಹಸು ಎಮ್ಮೆ ಬೇಕಾದವನು, ಮಾಂಸದ ವ್ಯಾಪಾರಿ. ರೋಗದ ಸುದ್ದಿ ಹಬ್ಬಿದಾಗ ಈ ಮೂವರೂ ಒಂದೇ ರೀತಿಯಾಗಿ ವರ್ತಿಸುವುದಿಲ್ಲ. ಉಳುವವನು ಕೊಳ್ಳುವುದನ್ನು ಮುಂದೂಡುತ್ತಾನೆ. ತನ್ನ ಕೊಟ್ಟಿಗೆಗೆ ರೋಗ ತರುವ ಧೈರ್ಯ ಅವನಿಗಿಲ್ಲ. ಹಾಲಿನವನೂ ಹಾಗೆಯೇ. ಮಾಂಸದ ವ್ಯಾಪಾರಿ ಮಾತ್ರ ಸಂತೆಯಲ್ಲಿಯೇ ಉಳಿಯುತ್ತಾನೆ. ಆದರೆ ಎದುರಾಳಿಗಳಿಲ್ಲದಿರುವುದರಿಂದ ಅವನು ಹೇಳಿದ್ದೇ ಧಾರಣೆ. ಮಾರುವವನಾದರೋ ‘ನಾಳೆ ಸತ್ತರೆ ಏನೂ ಸಿಗದು, ಇಂದು ಬಂದಷ್ಟು ಬರಲಿ’ ಎಂಬ ಅವಸರದಲ್ಲಿರುತ್ತಾನೆ. ಕೊಳ್ಳುವವರು ಕಡಿಮೆ, ಮಾರುವವರು ಹೆಚ್ಚು. ದಲ್ಲಾಳಿಗೆ ಇದಕ್ಕಿಂತ ಒಳ್ಳೆಯ ಹಂಗಾಮು ಬೇರೆ ಇಲ್ಲ.

ಇದರ ಮೇಲೆ ಸಂತೆಯೇ ಮುಚ್ಚಿದರೆ? 2009ರ ಕೇಂದ್ರ ಸರ್ಕಾರದ ಪ್ರಾಣಿರೋಗ ನಿಯಂತ್ರಣ ಕಾಯ್ದೆ ರೋಗಪೀಡಿತ ಪ್ರದೇಶವನ್ನು ‘ನಿಯಂತ್ರಿತ ಪ್ರದೇಶ’ವೆಂದು ಘೋಷಿಸಲು, ಅಲ್ಲಿ ಸಂತೆ ಜಾತ್ರೆಗಳನ್ನು ನಿಲ್ಲಿಸಲು, ಜಾನುವಾರು ಸಾಗಣೆಯನ್ನು ತಡೆಯಲು ಅಧಿಕಾರ ಕೊಡುತ್ತದೆ. ರೋಗಶಾಸ್ತ್ರದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಸಂತೆ ಮುಚ್ಚಿದೆಯೆಂದು ಎತ್ತಿನ ಹೊಟ್ಟೆ ಮುಚ್ಚುವುದಿಲ್ಲ. ಲೆಕ್ಕದ ಅನುಕೂಲಕ್ಕಾಗಿ, ಒಂದು ಲಕ್ಷ ರೂಪಾಯಿ ಬಾಳುವ ಜೋಡೆತ್ತಿಗೆ ದಿನಕ್ಕೆ 200 ರೂಪಾಯಿಯ ಮೇವು ಹಿಂಡಿ ಬೇಕೆಂದು ಹಿಡಿಯೋಣ. ಸಂತೆ ಎರಡು ತಿಂಗಳು ನಿಂತರೆ 12,000 ರೂಪಾಯಿ ಮೇವಿಗೇ ಸಂದಾಯವಾಯಿತು. ಆಮೇಲೆ ಸಂತೆ ತೆರೆದ ದಿನ ಎಲ್ಲರೂ ಒಮ್ಮೆಗೇ ದನ ತಂದು ನಿಲ್ಲಿಸುತ್ತಾರೆ. ಧಾರಣೆ ಮತ್ತೆ ಕುಸಿಯುತ್ತದೆ. ಬಿತ್ತನೆಯ ಹೊತ್ತಿಗೆ ಸತ್ತ ಎತ್ತುಗಳ ಜಾಗ ತುಂಬಲು ಎಲ್ಲರೂ ಕೊಳ್ಳುವವರಾದಾಗ ಅದೇ ಧಾರಣೆ ಮೇಲೇರುತ್ತದೆ. ಹೀಗೆ ರೈತ ಮಾರುವುದು ಇಳಿದ ಬೆಲೆಗೆ, ಕೊಳ್ಳುವುದು ಏರಿದ ಬೆಲೆಗೆ.

ಕರ್ನಾಟಕದಲ್ಲಿ 2021ರ ಜನವರಿಯಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಕಾನೂನು ಈ ಲೆಕ್ಕಕ್ಕೆ ಇನ್ನೊಂದು ಅಂಕಿಯನ್ನು ಸೇರಿಸಿತು. 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಉಳಿದ ದನಗಳ ಪಾಲಿಗೆ ಮೂರನೆಯ ಕೊಳ್ಳುಗ ಸಂತೆಯಿಂದ ಹಿಂದೆ ಸರಿದ. ಆ ಕಾನೂನಿನ ಗುಣಾವಗುಣಗಳ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಧಾರಣೆಯ ಮಟ್ಟಿಗೆ ಹೇಳುವುದಾದರೆ, ಉಳಿದ ಇಬ್ಬರು ಕೊಳ್ಳುಗರು ರೋಗಕ್ಕೆ ಹೆದರಿ ಮನೆಯಲ್ಲಿ ಕುಳಿತಾಗ ಮುದಿ ಎತ್ತಿಗೆ ಬೆಲೆಯೆಂಬುದೇ ಇಲ್ಲದಂತಾಗುತ್ತದೆ.

ಚರ್ಮಗಂಟು ರೋಗದ ವರ್ಷ

ಈ ಮಾತುಗಳೆಲ್ಲ 2022ರಲ್ಲಿ ಅನುಭವಕ್ಕೆ ಬಂದವು. ಚರ್ಮಗಂಟು ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಆಫ್ರಿಕದ ಇಂದಿನ ಜಾಂಬಿಯ ದೇಶದಲ್ಲಿ. ಭಾರತದಲ್ಲಿ ಅದು 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು; 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಉಗ್ರರೂಪ ತಾಳಿ ದೇಶದಲ್ಲೆಲ್ಲ ಹರಡಿತು. ಆ ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳು ಸತ್ತವು. ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಸಂತೆ, ಜಾತ್ರೆ, ಜಾನುವಾರು ಸಾಗಣೆಗಳು ನಿಂತವು. ಸರ್ಕಾರ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಗೊತ್ತುಮಾಡಿತು. ಪರಿಹಾರ ದೊರೆತದ್ದು ಸತ್ತ ದನಕ್ಕೆ. ಬದುಕಿ ಉಳಿದು ಬೆಲೆ ಕಳೆದುಕೊಂಡ ದನಕ್ಕೆ ಅಲ್ಲವೆಂಬುದು ಗಮನಿಸತಕ್ಕ ವಿಷಯ.

ಈ ರೋಗದ ವೈರಸ್ಸು ಕುರಿ ಮೇಕೆಗಳ ಸಿಡುಬಿನ ವೈರಸ್ಸಿಗೆ ಹತ್ತಿರದ ಸಂಬಂಧಿ. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. ಮೈತುಂಬ ಗಂಟುಗಳೆದ್ದು, ಒಡೆದು, ಹುಣ್ಣಾಗುತ್ತವೆ. ಗುಣವಾದ ಮೇಲೂ ತೊಗಲಿನಲ್ಲಿ ಕಲೆ ಉಳಿಯುವುದರಿಂದ ಚರ್ಮದ ಬೆಲೆಯೂ ಬೀಳುತ್ತದೆ. ನೋಡಲು ಇಷ್ಟು ಭಯಂಕರವಾದ ರೋಗವಾದ್ದರಿಂದ, ಹಾಲು ಕುಡಿಯಬಹುದೇ, ಮಾಂಸ ತಿನ್ನಬಹುದೇ ಎಂಬ ಪ್ರಶ್ನೆ ಊರೂರಲ್ಲಿ ಎದ್ದುದು ಸಹಜ. ವಾಸ್ತವವಾಗಿ ಇದು ಮನುಷ್ಯರಿಗೆ ತಗಲುವ ರೋಗವೇ ಅಲ್ಲ. ಇದು ಹೆಚ್ಚಾಗಿ ಕಾಡುವುದು ಆಕಳ ಜಾತಿಯನ್ನು. ಎಮ್ಮೆಗಳಲ್ಲಿ ಬಹಳ ಕಡಿಮೆ. ಹೈದರಾಬಾದಿನ ಅಂಗಡಿಯಲ್ಲಿ ಮಾರುವ ಮಾಂಸವಾದರೋ ಎಮ್ಮೆ ಕೋಣಗಳದ್ದು. ಆದರೂ ಸಂಶಯ ಹುಟ್ಟಿದ ಮೇಲೆ ಕೊಳ್ಳುವವನು ಆಕಳು ಎಮ್ಮೆಗಳ ಭೇದವೆಣಿಸುವುದಿಲ್ಲ. ಕೋಳಿಯ ವಿಷಯದಲ್ಲಿಯೂ ಹೀಗೆಯೇ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಂಡಾಗಲೂ, 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಹೊರವಲಯದ ಹಯಾತ್‌ನಗರದ ಬಳಿ ಕಂಡಾಗಲೂ, 2025ರ ಫೆಬ್ರುವರಿಯಲ್ಲಿ ಗೋದಾವರಿ ಜಿಲ್ಲೆಗಳಲ್ಲಿ ಕಂಡಾಗಲೂ ಜನ ಕೋಳಿಯನ್ನು ಬಿಟ್ಟು ಕುರಿಮಾಂಸಕ್ಕೂ ಮೀನಿಗೂ ತಿರುಗಿದರು. ಒಂದರ ಧಾರಣೆ ಇಳಿದಾಗ ಇನ್ನೊಂದರದು ಏರುವುದು ಪೇಟೆಯ ಸ್ವಭಾವ.

ಬೆಲೆ ಇಳಿಯುವುದು ರೋಗದ ಪರಿಣಾಮ ಮಾತ್ರವೆಂದು ಸಾಮಾನ್ಯವಾಗಿ ಭಾವಿಸುತ್ತಾರೆ. ಬೆಲೆಯ ಇಳಿತವೇ ರೋಗದ ವಾಹನವೂ ಹೌದು. ಮೈಬಿಸಿಯಾದ ಹಸುವನ್ನು ಗಂಟು ಏಳುವ ಮೊದಲೇ ದೂರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರುವವನು, ಅದನ್ನು ಅಗ್ಗವೆಂದು ಕೊಂಡು ರಾತ್ರೋರಾತ್ರಿ ಲಾರಿಯಲ್ಲಿ ಗಡಿ ದಾಟಿಸುವವನು, ಇಬ್ಬರೂ ರೋಗವನ್ನೇ ಸಾಗಿಸುತ್ತಿರುತ್ತಾರೆ. ಇದಕ್ಕೆ ನಿದರ್ಶನ ಬ್ರಿಟನ್ನಿನ 2001ರ ಕಾಲುಬಾಯಿ ರೋಗದ ಹಾವಳಿ. ರೋಗ ಪತ್ತೆಯಾದದ್ದು ಫೆಬ್ರುವರಿ 20ರಂದು. ಅಷ್ಟರೊಳಗೆ ಹೆಕ್ಸಮ್, ಲಾಂಗ್‌ಟೌನ್ ಮಾರುಕಟ್ಟೆಗಳಲ್ಲಿ ಕೈಬದಲಾದ ಕುರಿಗಳು ರೋಗವನ್ನು ದೇಶದ ಮೂಲೆಮೂಲೆಗೆ ಒಯ್ದುಬಿಟ್ಟಿದ್ದವು. ಕಡೆಗೆ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ಕಾಲುಬಾಯಿ ರೋಗ ಮತ್ತು ರಫ್ತು

ತೆಲುಗಿನವರು ‘ಗಾಲಿಕುಂಟು’ ಎಂದು ಕರೆಯುವ ಕಾಲುಬಾಯಿ ರೋಗ ನಮ್ಮ ದೇಶಕ್ಕೆ ಹೊಸದಲ್ಲ. ದೊಡ್ಡ ದನಗಳು ಇದರಿಂದ ಸಾಯುವುದು ಕಡಿಮೆ. ಕರುಗಳು ಹೃದಯಕ್ಕೆ ಸೋಂಕು ತಗಲಿ ಸಾಯುತ್ತವೆ. ಬದುಕಿದ ಹಸುವಿನ ಹಾಲು ಇಳಿಯುತ್ತದೆ, ಎತ್ತು ಕುಂಟುತ್ತದೆ, ಕೆಲವು ದನಗಳು ಬಿಸಿಲಿಗೆ ನಿಂತಲ್ಲಿಯೇ ಏದುಸಿರು ಬಿಡತೊಡಗುತ್ತವೆ. ಇಂಥ ದನವನ್ನು ಅನುಭವಿಯಾದ ದಲ್ಲಾಳಿ ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆಸಿಯೇ ಗುರುತಿಸುತ್ತಾನೆ. ಬೆಲೆಯನ್ನೂ ಅಲ್ಲಿಯೇ ಮುರಿಯುತ್ತಾನೆ. 2013ರಲ್ಲಿ ಕರ್ನಾಟಕದ ದಕ್ಷಿಣ ಜಿಲ್ಲೆಗಳಲ್ಲಿ ಈ ರೋಗ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡದ್ದು ಅನೇಕರಿಗೆ ನೆನಪಿರಬಹುದು.

ಮನುಷ್ಯರಿಗೆ ಇದು ತಗಲುವುದು ಅತಿ ವಿರಳ, ತಗಲಿದರೂ ಸೌಮ್ಯ. ಎಳೆಯ ಮಕ್ಕಳಿಗೆ ಕೈಕಾಲು ಬಾಯಿಗಳಲ್ಲಿ ಗುಳ್ಳೆಗಳೇಳುವ ಒಂದು ಕಾಯಿಲೆಯುಂಟು. ಹೆಸರಿನ ಹೋಲಿಕೆಯಿಂದ ಅದು ದನದಿಂದ ಬಂದಿತೆಂದು ತಾಯಂದಿರು ಗಾಬರಿಪಡುವುದುಂಟು. ಆ ವೈರಸ್ಸೇ ಬೇರೆ. ದನಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ.

ಮನುಷ್ಯನಿಗೆ ಅಪಾಯವಿಲ್ಲದ ಈ ರೋಗವೇ ಮಾಂಸದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಗೋಡೆಯಾಗಿದೆ. ರೋಗವಿಲ್ಲದ ದೇಶಗಳು ತಮ್ಮ ದನಗಳಿಗೆ ಸೋಂಕು ತಗಲೀತೆಂದು ರೋಗವಿರುವ ದೇಶದ ಮಾಂಸವನ್ನು ಒಳಗೆ ಬಿಡುವುದಿಲ್ಲ. ಭಾರತದ ಎಮ್ಮೆ ಮಾಂಸ ವಿಯೆಟ್ನಾಂ, ಮಲೇಷ್ಯ, ಈಜಿಪ್ಟ್ ಮುಂತಾದ ದೇಶಗಳಿಗೆ ಹೋಗುತ್ತದೆ. 2016ರಿಂದ ಇಂಡೊನೇಷ್ಯಕ್ಕೂ ಹೋಗತೊಡಗಿತು. ಆದರೆ ಹೆಚ್ಚು ಬೆಲೆ ಕೊಡುವ ಹಲವು ಪೇಟೆಗಳ ಬಾಗಿಲು ಮುಚ್ಚಿಯೇ ಇದೆ. ಬಾಗಿಲು ತೆರೆದಿರುವಲ್ಲಿಯೂ ನಿಯಮಗಳುಂಟು: ಮೂಳೆಯನ್ನೂ ಹಾಲ್ರಸದ ಗ್ರಂಥಿಗಳನ್ನೂ ತೆಗೆದು, ಮಾಂಸವನ್ನು 24 ಗಂಟೆ ತಣ್ಣಗಿಟ್ಟು, ಅದರ ಆಮ್ಲೀಯತೆಯ ಅಳತೆ, ಅಂದರೆ ಪಿಎಚ್, 6ಕ್ಕಿಂತ ಕೆಳಗಿಳಿದಿದೆಯೆಂದು ಪರೀಕ್ಷಿಸಿಯೇ ಕಳುಹಿಸಬೇಕು. ಕೊಯ್ದ ಮಾಂಸದಲ್ಲಿ ತಾನಾಗಿಯೇ ಹುಟ್ಟುವ ಆಮ್ಲಕ್ಕೆ ಈ ವೈರಸ್ಸು ಸಾಯುತ್ತದೆ. ಮೂಳೆಯ ಮಜ್ಜೆಯಲ್ಲಿ, ಗ್ರಂಥಿಗಳಲ್ಲಿ ಆಮ್ಲ ಹುಟ್ಟದಿರುವುದರಿಂದ ಅಲ್ಲಿ ಅದು ಉಳಿಯುತ್ತದೆ. ‘ರೋಗವಿರುವ ದೇಶ’ ಎಂಬ ಹಣೆಪಟ್ಟಿಯ ಈ ಮುರಿತ ಹಾವಳಿಯ ವರ್ಷಕ್ಕೆ ಸೀಮಿತವಲ್ಲ. ಸುದ್ದಿಯೇ ಇಲ್ಲದ ವರ್ಷಗಳಲ್ಲಿಯೂ ಅದು ಹಳ್ಳಿಯ ಸಂತೆಯ ಧಾರಣೆಯವರೆಗೆ ಇಳಿದುಬರುತ್ತದೆ.

ಇದಕ್ಕೆ ಮದ್ದು ಹೈದರಾಬಾದಿನಲ್ಲಿಯೇ ತಯಾರಾಗುತ್ತಿದೆ ಎಂಬುದನ್ನು ಇಲ್ಲಿಯ ಕನ್ನಡಿಗರೂ ಅಷ್ಟಾಗಿ ಗಮನಿಸಿಲ್ಲ. ಗಚ್ಚಿಬೌಲಿಯ ದಾರಿಯಲ್ಲಿ ಇಂದು ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳೇ ಕಣ್ಣಿಗೆ ಬೀಳುತ್ತವೆ. ಅವು ಬರುವುದಕ್ಕೆ ಬಹಳ ಮೊದಲೇ, 1980ರ ದಶಕದ ಆರಂಭದಲ್ಲಿ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ಕಾಲುಬಾಯಿ ರೋಗದ ಲಸಿಕೆಗಾಗಿ ಅಲ್ಲಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ 12,000 ಕೋಟಿ ರೂಪಾಯಿಗೂ ಮಿಕ್ಕಿದ ಯೋಜನೆಯಲ್ಲಿ ದನ ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಈ ಲಸಿಕೆ ಹಾಕುವ ಕಾರ್ಯಕ್ರಮವನ್ನು ಆರಂಭಿಸಿತು. ಇಂಥ ಕೆಲಸ ಸಾಧ್ಯವೇ ಎಂದು ಸಂಶಯಪಡುವವರು ದೊಡ್ಡರೋಗದ ಕಥೆಯನ್ನು ನೆನೆಯಬಹುದು. ಒಂದು ಕಾಲಕ್ಕೆ ಹಟ್ಟಿ ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ಆ ರೋಗದ ವಿರುದ್ಧ 1954ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಮೊದಲಾಯಿತು. ಭಾರತದಲ್ಲಿ ಅದು ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ; 2011ರಲ್ಲಿ ಇಡೀ ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಭೀತಿ ಸರಿಯಾಗಿದ್ದ ಒಂದು ಸಂದರ್ಭ

ಎಲ್ಲ ಭೀತಿಯೂ ಹುಸಿಯಲ್ಲ. ‘ಹುಚ್ಚು ಹಸು’ ರೋಗವೆಂದು ಪತ್ರಿಕೆಗಳಲ್ಲಿ ಹೆಸರಾದ ಮಿದುಳಿನ ರೋಗ ಬ್ರಿಟನ್ನಿನಲ್ಲಿ 1986ರಲ್ಲಿ ಪತ್ತೆಯಾಯಿತು. ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯ ಹಿಟ್ಟನ್ನು ಹುಲ್ಲು ತಿನ್ನುವ ಹಸುಗಳಿಗೆ ತಿನ್ನಿಸಿದ್ದರಿಂದ ಅದು ಹಬ್ಬಿತ್ತು. ಜನರಿಗೆ ಭಯವಿಲ್ಲವೆಂದು ಸರ್ಕಾರ ವರ್ಷಗಟ್ಟಲೆ ಹೇಳುತ್ತ ಬಂದಿತು. 1996ರ ಮಾರ್ಚ್ 20ರಂದು, ಯುವಕರಲ್ಲಿ ಕಂಡುಬಂದ ಒಂದು ಮಾರಕ ರೋಗಕ್ಕೆ ಇದೇ ಕಾರಣವಿರುವ ಸಂಭವವಿದೆಯೆಂದು ಆರೋಗ್ಯ ಸಚಿವರು ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡರು. ಒಂದು ವಾರದಲ್ಲಿ ಯೂರೋಪಿನ ಒಕ್ಕೂಟ ಬ್ರಿಟಿಷ್ ಗೋಮಾಂಸವನ್ನು ನಿಷೇಧಿಸಿತು. ಆ ರೋಗಕಾರಕ ಬೇಯಿಸಿದರೂ ಸಾಯದು. ಭಾರತದಲ್ಲಿ ಈ ರೋಗ ಕಂಡುಬಂದಿಲ್ಲ.

ಕೆನಡದ ಅನುಭವ ಬೇರೆಯದು. 2003ರ ಮೇ 20ರಂದು ಅಲ್ಲಿಯ ಆಲ್ಬರ್ಟ ಪ್ರಾಂತದಲ್ಲಿ ಒಂದೇ ಒಂದು ಹಸುವಿನಲ್ಲಿ ರೋಗ ಸಿದ್ಧಪಟ್ಟಿತು. ಅಮೆರಿಕ ತನ್ನ ಗಡಿಯನ್ನು ಮುಚ್ಚಿತು. ರೈತನಿಗೆ ಸಿಗುವ ಧಾರಣೆ ಕೆಲವೇ ವಾರಗಳಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಆದರೆ ಆ ವರ್ಷ ಕೆನಡದ ಜನ ಗೋಮಾಂಸ ತಿನ್ನುವುದನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದರು. ರೋಗವನ್ನು ಮುಚ್ಚಿಡದೆ ತಕ್ಷಣ ತಿಳಿಸಿದ್ದರಿಂದ ಪರೀಕ್ಷೆಯ ವ್ಯವಸ್ಥೆಯಲ್ಲಿ ನಂಬಿಕೆ ಉಳಿದಿತ್ತೆಂಬುದು ಇದಕ್ಕೆ ಒಂದು ಕಾರಣ. ಸಂಕಷ್ಟದಲ್ಲಿರುವ ರೈತನಿಗೆ ಆಸರೆಯಾಗಬೇಕೆಂಬ ಭಾವನೆ ಇನ್ನೊಂದು. ನಂಬಿಕೆಯನ್ನು ಮೊದಲೇ ಕಳೆದುಕೊಂಡ ಪೇಟೆಗೂ ಉಳಿಸಿಕೊಂಡ ಪೇಟೆಗೂ ಇರುವ ಅಂತರ ಇಷ್ಟು.

ಸಂತೆಗೆ ಕಾಣದ ರೋಗಗಳು

ದೇಹಕ್ಕೆ ನಿಜವಾಗಿ ಕೆಡುಕು ಮಾಡುವ ರೋಗಗಳನ್ನು ಸಂತೆ ಅಷ್ಟಾಗಿ ಲೆಕ್ಕಿಸುವುದಿಲ್ಲ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲ ಸೋಂಕು, ಇರುವ ಎಮ್ಮೆ ನೋಡಲು ದಷ್ಟಪುಷ್ಟವಾಗಿರಬಹುದು. ಒಂದು ಸಲ ಗರ್ಭಪಾತವಾದದ್ದನ್ನು ಮಾರುವವನು ಹೇಳುವುದಿಲ್ಲ. ಅದರ ಹಸಿಹಾಲನ್ನು ಕುಡಿದವರಿಗೆ, ಕಂದು ಹಾಕಿದಾಗ ಮಾಸನ್ನು ಬರಿಗೈಯಿಂದ ತೆಗೆದವರಿಗೆ ತಿಂಗಳುಗಟ್ಟಲೆ ಬಂದುಹೋಗುವ ಜ್ವರ, ಬೆವರು, ಕೀಲುನೋವುಗಳು ಕಾಣಿಸಿಕೊಳ್ಳುತ್ತವೆ. ಬೇರೆ ಜ್ವರವೆಂದೋ ವಾತವೆಂದೋ ಭಾವಿಸಿ ಬೇರೆ ಔಷಧ ಕೊಡುವುದುಂಟು. ದನದ ಕ್ಷಯವೂ ಹಸಿಹಾಲಿನಿಂದ ಬರುವಂಥದು. ಹಾಲನ್ನು ಉಕ್ಕುವಂತೆ ಕಾಯಿಸಿದರೆ ಎರಡೂ ರೋಗಾಣುಗಳು ನಾಶವಾಗುತ್ತವೆ. ಎಳೆಯರಿಗೆ ಹಸಿಹಾಲು ಬಲಕಾರಿಯೆಂಬ ನಂಬಿಕೆಯನ್ನು ಬಿಡುವುದು ಲೇಸು.

ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇನ್ನೂ ಕ್ರೂರವಾದುದು. ನಿನ್ನೆ ಮೇದ ದನ ಇಂದು ಬೆಳಿಗ್ಗೆ ಸತ್ತಿರುತ್ತದೆ. ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿರುತ್ತದೆ. ಇಂಥ ದನವನ್ನು ಕೊಯ್ಯಲೇ ಕೂಡದು. ಕೊಯ್ದರೆ ರೋಗಾಣುವಿನ ಬೀಜಕಗಳು ಮಣ್ಣು ಸೇರಿ ದಶಕಗಳ ಕಾಲ ಉಳಿಯುತ್ತವೆ. ಕೊಯ್ದವನ ಕೈಯಲ್ಲಿ ನೋವಿಲ್ಲದ ಕಪ್ಪು ಹುಣ್ಣು ಏಳುತ್ತದೆ. ಬೇಗ ವೈದ್ಯರಲ್ಲಿಗೆ ಹೋದರೆ ಔಷಧವುಂಟು. ಮಾಂಸ ತಿಂದು ಕರುಳಿಗೆ ಸೋಂಕು ತಗಲಿದರೆ ಪ್ರಾಣಾಪಾಯ. ವಿಶಾಖಪಟ್ಟಣದ ಮನ್ಯ ಪ್ರದೇಶದಲ್ಲಿ ಸತ್ತ ಪ್ರಾಣಿಗಳನ್ನು ಕೊಯ್ದು ಹಂಚಿಕೊಂಡ ಬಡವರಲ್ಲಿ ಈ ರೋಗ ಹಲವು ಬಾರಿ ಕಾಣಿಸಿಕೊಂಡಿದೆ. ಬೆಲೆ ಕುಸಿದ ಕಾಲದಲ್ಲಿ ಈ ಅಪಾಯ ಹೆಚ್ಚುತ್ತದೆ: ಸಂತೆಯಲ್ಲಿ ಕೊಳ್ಳುವವರಿಲ್ಲದ ದನ, ಕಾಯಿಲೆಯಾದ ದನ, ಕೆಲವೊಮ್ಮೆ ಸತ್ತ ದನವೂ, ಪರೀಕ್ಷೆಯಿಲ್ಲದ ಹಿತ್ತಿಲ ದಾರಿಯಿಂದ ಅಗ್ಗದ ಮಾಂಸವಾಗಿ ಹೊರಡುತ್ತದೆ. ಪೇಟೆಯ ಭೀತಿ ಚರ್ಮಗಂಟಿನದಾದರೂ ತಟ್ಟೆಗೆ ಬರುವ ಅಪಾಯ ಬೇರೆಯದಾಗಿರುವುದು ಹೀಗೆ.

ಆದುದರಿಂದ ಮಾಂಸಾಹಾರಿಗಳು ವಿಚಾರಿಸಬೇಕಾದುದು ಪರೀಕ್ಷೆಯ ಮೊಹರನ್ನು. ಚೆಂಗಿಚೆರ್ಲದಂಥ ಸರ್ಕಾರಿ ಕಸಾಯಿಖಾನೆಗಳಲ್ಲಿ ಪಶುವೈದ್ಯರು ಪ್ರಾಣಿಯನ್ನು ಕೊಯ್ಯುವ ಮೊದಲೂ ಕೊಯ್ದ ಮೇಲೂ ನೋಡುವ ಏರ್ಪಾಟಿದೆ. ಮಾಂಸ ಸಂಶೋಧನೆಯ ರಾಷ್ಟ್ರೀಯ ಸಂಸ್ಥೆಯೂ ಅಲ್ಲಿಯೇ ಇದೆ. ಓಣಿಯ ಮರೆಯಲ್ಲಿ ಕೊಯ್ದ ಮಾಂಸಕ್ಕೆ ಇಂಥ ಯಾವ ಪರೀಕ್ಷೆಯೂ ಇಲ್ಲ. ನಡುಭಾಗದಲ್ಲಿ ಕೆಂಪು ಉಳಿಯದಂತೆ ಬೇಯಿಸುವುದು, ಹಸಿಮಾಂಸ ಕತ್ತರಿಸಿದ ಮಣೆಯನ್ನು ತರಕಾರಿಗೆ ಬಳಸದಿರುವುದು ಗೃಹಿಣಿಯರು ಬಲ್ಲ ಸಂಗತಿಗಳೇ.

ಇನ್ನು ಊರಿನಲ್ಲಿ ಎತ್ತು ಕೊಳ್ಳಲು ಇಲ್ಲಿಂದ ಹಣ ಕಳುಹಿಸುವವರು ತಮ್ಮವರಿಗೆ ಎರಡು ಮೂರು ವಿಷಯಗಳನ್ನು ತಿಳಿಸಬೇಕು. ದನದ ಕಿವಿಯ ಓಲೆಯಲ್ಲಿ 12 ಅಂಕಿಗಳ ಸಂಖ್ಯೆಯಿದೆಯೇ, ಆ ಸಂಖ್ಯೆಯ ಮೇಲೆ ಲಸಿಕೆ ದಾಖಲಾಗಿದೆಯೇ ಎಂದು ಪಶುಚಿಕಿತ್ಸಾಲಯದಲ್ಲಿ ವಿಚಾರಿಸಬೇಕು. ಹಾವಳಿಯ ಸುದ್ದಿಯಿರುವಾಗ ಧಾರಣೆ ಇಳಿದಿದೆಯೆಂಬ ಆಸೆಗೆ ದೂರದ ಸಂತೆಯಿಂದ ದನ ತರಬಾರದು. ತಂದ ದನವನ್ನು 28 ದಿನ ಬೇರೆ ಕಟ್ಟಬೇಕು. ಅದರ ಬಕೆಟ್ಟು, ಮೇವಿನ ಬುಟ್ಟಿಗಳೂ ಬೇರೆ ಇರಬೇಕು. ಜ್ವರ, ಜೊಲ್ಲು, ಗಂಟು ಕಂಡೊಡನೆ ದಲ್ಲಾಳಿಗೆ ಹೇಳಿ ಕಳುಹಿಸುವ ಬದಲು ಪಶುವೈದ್ಯರನ್ನು ಕರೆಯಬೇಕು. ಸಂಚಾರಿ ಪಶುಚಿಕಿತ್ಸೆಯ ವಾಹನಕ್ಕಾಗಿ ಕರ್ನಾಟಕದಲ್ಲಿಯೂ ತೆಲಂಗಾಣದಲ್ಲಿಯೂ ಕರೆಯಬೇಕಾದ ದೂರವಾಣಿ ಸಂಖ್ಯೆ 1962.